ಮೂಲೆಯಲ್ಲಿ ಮರಳಿನ ಚೀಲ: ಭೀಮಾ ದಂಡೆಯ ಒಂದು ಮನೆ, ಕೋವಿಡ್‌ನ ಎರಡು ವರ್ಷ

2020ರಲ್ಲಿ ಚಿನ್ನಿಗೆ ಏಳು ವರ್ಷ. ಚಿನ್ನಿ ಅವಳ ನಿಜವಾದ ಹೆಸರಲ್ಲ, ಈ ಬರಹಕ್ಕೆಂದು ಇಟ್ಟದ್ದು. ಊರಿನ ಹೆಸರನ್ನೂ ಬಿಟ್ಟಿದ್ದೇನೆ. ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಗಿರುವ ಊರು ಅಂದರೆ ಸಾಕು. ನಾನು ಅಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ. ಇಲಾಖೆಯವರ ಬಾಯಲ್ಲಿ ಬಿಐಇಆರ್‌ಟಿ, ಊರವರ ಬಾಯಲ್ಲಿ ‘ಅಂಗವಿಕಲ ಮಕ್ಕಳ ಟೀಚರ್’. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗುವುದು, ವಾರಕ್ಕೊಮ್ಮೆ ತಾಲ್ಲೂಕಿನ ಶಾಲಾ ಸಿದ್ಧತಾ ಕೇಂದ್ರಕ್ಕೆ ಬರುವ ಮಕ್ಕಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ಕೇಂದ್ರಕ್ಕೆ ಅದೇ ದಿನ ಫಿಸಿಯೊಥೆರಪಿಸ್ಟ್ ಕೂಡ ಬರುತ್ತಿದ್ದರು.

ಚಿನ್ನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗಾದ ಪೆಟ್ಟಿನಿಂದ ಮೈಕೈಯ ಹಿಡಿತ ತಪ್ಪುವ ತೊಂದರೆ. ಹುಟ್ಟಿದಾಗ ಬಹಳ ಹೊತ್ತು ಅಳದಿದ್ದ ಕೂಸು. ಕೈಕಾಲು ನಾಲ್ಕೂ ಬಿಗಿ, ಕತ್ತು ಪೂರ್ತಿ ನಿಂತಿಲ್ಲ, ಮಾತಿಲ್ಲ, ಮೇಲೆ ಮೂರ್ಛೆ ರೋಗ. ಆದರೆ ತಿಳಿಯುವುದು ಬಹಳ ತಿಳಿಯುತ್ತದೆ. ಒಲೆಯ ಮೇಲೆ ಹಂಚು ಇಟ್ಟ ಸದ್ದಿಗೆ ಮುಖ ಅರಳುತ್ತದೆ, ಅವ್ವ ರೊಟ್ಟಿ ಬಡಿಯಲು ಶುರು ಮಾಡಿದರೆ ನಗು ಜೋರಾಗುತ್ತದೆ. ಮನೆಯಲ್ಲಿ ಅವ್ವ, ಅಜ್ಜಿ, ಮೂರು ವರ್ಷದ ತಮ್ಮ. ಅಪ್ಪ ಪುಣೆಯಲ್ಲಿ ಗೌಂಡಿ ಕೆಲಸಕ್ಕಿದ್ದ.

ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲಿ, 2020ರ ಮಾರ್ಚ್ ಎರಡನೇ ವಾರದಲ್ಲಿ. ಹಾಗಾಗಿ ಮಾರ್ಚ್ 25ರ ಲಾಕ್‌ಡೌನ್‌ಗಿಂತ ಮೊದಲೇ ನಮ್ಮ ಕಡೆಯ ಜನ ಕಲಬುರಗಿ ಅಂದರೆ ಹೆದರತೊಡಗಿದ್ದರು. ಚಿನ್ನಿಯ ಮೂರ್ಛೆಯ ಔಷಧ ಬರುತ್ತಿದ್ದುದು ಅಲ್ಲಿಂದಲೇ. ಪ್ರತಿ ತಿಂಗಳು ಅವಳ ಸೋದರಮಾವ ಬಸ್ಸು ಹತ್ತಿ, ಕಟ್ಟಿಸಂಗಾವಿ ಸೇತುವೆ ದಾಟಿ ಹೋಗಿ ಸೋಡಿಯಂ ವಾಲ್ಪ್ರೋಯೇಟ್ ಸಿರಪ್ ತರುತ್ತಿದ್ದ. ಮಾರ್ಚ್‌ನಲ್ಲಿ ಹೋಗಲಿಲ್ಲ. ‘ಒಂದ್ ವಾರ ಬಿಟ್ಟು ಹೋಗ್ತೀನಿ’ ಅಂದವನಿಗೆ ಆ ವಾರ ಕಳೆಯುವಷ್ಟರಲ್ಲಿ ಬಸ್ಸೇ ಇರಲಿಲ್ಲ.

ಬಾಟಲಿಯಲ್ಲಿ ಎಷ್ಟು ಬೆರಳು

ಏಪ್ರಿಲ್ ಮೊದಲ ವಾರ ನಾನು ನನ್ನ ಪಟ್ಟಿಯ ಎಲ್ಲ ಮನೆಗಳಿಗೂ ಫೋನ್ ಮಾಡಿದೆ. ಚಿನ್ನಿಯ ಅವ್ವನ ಬಳಿ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ‘ಹ್ಯಾಂಗ ಅದಾಳ ಚಿನ್ನಿ?’ ಅಂದೆ. ‘ಆರಾಮ ಅದಾಳ್ರಿ’ ಅಂದಳು. ನಾನು ವಹಿಯಲ್ಲಿ ಅವಳ ಹೆಸರಿನ ಮುಂದೆ ಸರಿ ಗುರುತು ಹಾಕಿ ಮುಂದಿನ ನಂಬರ್ ಒತ್ತಿದೆ.

ನಾಲ್ಕು ದಿನದ ಮೇಲೆ ಆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಫೋನ್ ಮಾಡಿದ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಇಂಥ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ, ಅಲ್ಪ ಗೌರವಧನಕ್ಕೆ ದುಡಿಯುವವರು. ಇವನಿಗೆ ಎಳವೆಯಲ್ಲೇ ಪೋಲಿಯೊ ಆಗಿ ಒಂದು ಕಾಲು ಸಣ್ಣದು, ಮೂರು ಚಕ್ರದ ಸ್ಕೂಟರ್ ಓಡಿಸುತ್ತಾನೆ. ‘ಮೇಡಂ, ಅಕಿಗೆ ನಿನ್ನಿಯಿಂದ ನಾಕ್ ಸಲ ಫಿಟ್ಸ್ ಬಂದಾದ್ರಿ. ಎಣ್ಣಿ ಅರ್ಧ ಮಾಡ್ಯಾರ’ ಅಂದ. ಆ ಮನೆಯಲ್ಲಿ ಸಿರಪ್ಪಿಗೆ ‘ಎಣ್ಣಿ’ ಅನ್ನುತ್ತಾರೆ. ಬಾಟಲಿ ಖಾಲಿಯಾಗುತ್ತ ಬಂದದ್ದು ನೋಡಿ ಅವ್ವ ಹೊತ್ತಿಗೆ 4 ಮಿಲಿಯ ಬದಲು 2 ಮಿಲಿ ಕೊಡಲು ಶುರು ಮಾಡಿ ಹತ್ತು ದಿನವಾಗಿತ್ತು. ಅಕ್ಕಿ, ಎಣ್ಣೆ, ಬೆಲ್ಲವನ್ನೆಲ್ಲ ಹಾಗೆ ಅರೆಹೊಟ್ಟೆಗೆ ಎಳೆದು ತಿಂಗಳು ದಾಟಿಸಿ ಅಭ್ಯಾಸವಿದ್ದ ಹೆಣ್ಣುಮಗಳು ಔಷಧವನ್ನೂ ಹಾಗೆಯೇ ದಾಟಿಸಲು ನೋಡಿದಳು. ಮೂರ್ಛೆಯ ಔಷಧವನ್ನು ಒಮ್ಮೆಲೇ ಕಡಿಮೆ ಮಾಡಿದರೆ ಫಿಟ್ಸ್ ಮರುಕಳಿಸುತ್ತದೆ, ಕೆಲವೊಮ್ಮೆ ನಿಲ್ಲದೇ ಬರುತ್ತದೆ ಎಂದು ಅವಳಿಗೆ ಒಂದು ಸಲವೂ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮುಂದಿನ ಕೆಲಸ ಒಂದು ದಿನದಲ್ಲಿ ಮುಗಿಯಿತು, ಏಕೆಂದರೆ ಎರಡು ಕಾಗದಗಳು ನೆರವಾದವು. ಲಾಕ್‌ಡೌನ್ ಶುರುವಾದ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತ್ತು. ವೈದ್ಯರು ಫೋನಿನಲ್ಲಿ ರೋಗಿಯನ್ನು ವಿಚಾರಿಸಿ ಔಷಧ ಚೀಟಿ ಬರೆದು ಕಳಿಸಬಹುದಿತ್ತು. ಅದೇ ವಾರ ಅಂಗವಿಕಲರ ಸಬಲೀಕರಣ ಇಲಾಖೆಯೂ ರಾಜ್ಯಗಳಿಗೆ ಮಾರ್ಗಸೂಚಿ ಕಳಿಸಿ, ಅಂಗವಿಕಲರ ಆರೈಕೆ ಮಾಡುವವರಿಗೆ ಓಡಾಟದ ಪಾಸು ಸರಳವಾಗಿ ಸಿಗಬೇಕು ಎಂದಿತ್ತು. ಚಿನ್ನಿಯನ್ನು ಮೊದಲಿಂದ ನೋಡುತ್ತಿದ್ದ ಮಕ್ಕಳ ವೈದ್ಯರು ರಾತ್ರಿ ಎಂಟಕ್ಕೆ ಫೋನ್ ಎತ್ತಿದರು, ಹತ್ತು ನಿಮಿಷ ಅವ್ವನ ಜೊತೆಗೇ ಮಾತಾಡಿದರು, ಚೀಟಿಯ ಫೋಟೊ ಕಳಿಸಿದರು. ಬೆಳಿಗ್ಗೆ ಆ ಫೋಟೊದ ಪ್ರಿಂಟು, ಮಾರ್ಗಸೂಚಿಯ ಪ್ರತಿ, ತನ್ನ ಗುರುತಿನ ಚೀಟಿ ಮೂರನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ನಮ್ಮ ಕಾರ್ಯಕರ್ತ ಸ್ಕೂಟರ್ ಹತ್ತಿದ. ಸೇತುವೆಯ ಬಳಿ ಅರ್ಧ ಗಂಟೆ ನಿಲ್ಲಿಸಿದರು, ಬಿಟ್ಟರು. ಸಂಜೆಗೆ ಎರಡು ತಿಂಗಳ ಸಿರಪ್ ಮನೆ ಮುಟ್ಟಿತು.

ವೈದ್ಯರು ಅವ್ವನಿಗೆ ಹೇಳಿದ್ದು ಇಷ್ಟು: ಫಿಟ್ಸ್ ಬಂದಾಗ ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನೂ ಹಾಕಬಾರದು, ಕೈಯಲ್ಲಿ ಕೀಲಿಕೈ ಹಿಡಿಸುವುದು, ಉಳ್ಳಾಗಡ್ಡಿ ಮೂಸಿಸುವುದು ಬೇಡ, ಐದು ನಿಮಿಷ ದಾಟಿದರೆ ಲಾಕ್‌ಡೌನ್ ನೋಡದೆ 108ಕ್ಕೆ ಫೋನ್ ಮಾಡಬೇಕು. ಮನೆಯಲ್ಲಿ ಗಡಿಯಾರವಿರಲಿಲ್ಲ. ಐದು ನಿಮಿಷ ಎಷ್ಟು ಹೊತ್ತು ಅಂತ ಅಜ್ಜಿ ಕೇಳಿದ್ದಕ್ಕೆ, ಸಣ್ಣ ಫೋನಿನ ಪರದೆಯಲ್ಲಿ ಗಂಟೆ ನೋಡುವುದನ್ನು ಕಾರ್ಯಕರ್ತ ಅಂಗಳದಲ್ಲೇ ನಿಂತು ಕಲಿಸಿಕೊಟ್ಟ.

ಅಂದಿನಿಂದ ನಾನು ಯಾವ ಮನೆಗೂ ‘ಹೇಗಿದ್ದಾಳೆ’ ಅಂತ ಫೋನ್ ಮಾಡಲಿಲ್ಲ. ‘ಬಾಟ್ಲಿಯೊಳಗ ಎಷ್ಟು ಬೆರಳು ಎಣ್ಣಿ ಉಳದಾದ?’ ಅಂತ ಕೇಳುತ್ತಿದ್ದೆ. ‘ರಾತ್ರಿ ಎಷ್ಟ್ ಸಲ ಎದ್ದಿ? ನಿನ್ನೆ ಏನು ಉಂಡ್ಲು? ನೀನೇನು ಉಂಡಿ?’ ಎಂದು ಕೇಳಿದರೆ ಉತ್ತರ ಬರುತ್ತಿತ್ತು.

ಹನ್ನೊಂದು ವಿಡಿಯೊ

ಔಷಧದ ಗಂಡಾಂತರ ಕಳೆದ ಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಕೇಂದ್ರ ಮುಚ್ಚಿದೆ, ವ್ಯಾಯಾಮ ನಿಂತಿದೆ, ಕಾಲು ಇನ್ನೂ ಬಿಗಿಯುತ್ತದೆ ಎಂಬ ಆತಂಕದಲ್ಲಿ ಫಿಸಿಯೊಥೆರಪಿಸ್ಟ್ ಮಾಡಿಕೊಟ್ಟ ಹನ್ನೊಂದು ವಿಡಿಯೊಗಳನ್ನು ಪಕ್ಕದ ಮನೆಯವರ ದೊಡ್ಡ ಫೋನಿಗೆ ಕಳಿಸಿದೆ. ದಿನಕ್ಕೆ ಎರಡು ಹೊತ್ತು, ಒಂದೊಂದು ಹತ್ತು ಸಲ. ಮೇ ತಿಂಗಳಲ್ಲಿ ಅವ್ವ ನನ್ನ ಫೋನ್ ಎತ್ತುವುದನ್ನೇ ಬಿಟ್ಟಳು.

ಜೂನ್‌ನಲ್ಲಿ ಮಾಸ್ಕ್ ಕಟ್ಟಿಕೊಂಡು ಅವರ ಅಂಗಳಕ್ಕೆ ಹೋದಾಗ ಗೊತ್ತಾಯಿತು. ವಿಡಿಯೊಗಳನ್ನು ಪಕ್ಕದ ಮನೆಯ ಹುಡುಗ ಫೋನಿನಲ್ಲಿ ಜಾಗವಿಲ್ಲವೆಂದು ಯಾವಾಗಲೋ ಅಳಿಸಿದ್ದ. ಒಂದೇ ಸಲ ನೋಡಿದ್ದರಲ್ಲಿ ನೆನಪಿದ್ದಷ್ಟನ್ನು ಅವ್ವ ರಾತ್ರಿ ಹತ್ತರ ಮೇಲೆ ಮಾಡುತ್ತಿದ್ದಳು. ಆಗ ಕೂಸಿಗೆ ನಿದ್ದೆ, ಅವಳಿಗೂ ನಿದ್ದೆ. ಬಿಗಿಯಾದ ಕಾಲು ಎಳೆದಾಗ ಚಿನ್ನಿ ಅಳುತ್ತಿದ್ದಳು, ಅಜ್ಜಿ ಬೈಯುತ್ತಿದ್ದಳು. ‘ನಿಮ್ಗ ಏನ್ ಹೇಳ್ಲಿ ಅಂತ ಫೋನ್ ಎತ್ಲಿಲ್ರಿ. ಮಾಡಿಲ್ಲಂದ್ರ ನೀವ್ ಬ್ಯಾಸರ ಮಾಡ್ಕೊಂತೀರಿ’ ಅಂದಳು. ಫೋನಿನ ಈ ತುದಿಯಲ್ಲಿ ಕುಳಿತು ನಾನು ಅದನ್ನು ನೆರವು ಅಂದುಕೊಂಡಿದ್ದೆ. ಆ ಮನೆಯಲ್ಲಿ ಅದು ಸಾಲದ ಕಂತಿನಂತೆ ಬಂದು ಬೀಳುತ್ತಿತ್ತು.

ಆ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಏನೂ ಕಲಿಸದೆ ಅಂಗಳದಲ್ಲಿ ಕುಳಿತು ಅವಳ ದಿನ ನೋಡಿದೆ. ನೀರು ತರುವುದು, ಕೂಸನ್ನು ತೊಳೆಯುವುದು, ರೊಟ್ಟಿ, ಮತ್ತೆ ಕೂಸನ್ನು ತೊಳೆಯುವುದು, ಉಣಿಸುವುದು. ಉಣಿಸುವುದಕ್ಕೇ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಕೂಸನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ತಲೆ ಹಿಂದಕ್ಕೆ ಬಾಗಿಸಿ, ತೆಳ್ಳನೆಯ ನುಚ್ಚನ್ನು ಬೆರಳಿನಿಂದ ಗಂಟಲಿನತ್ತ ಬಿಡುತ್ತಿದ್ದಳು. ನಾಲ್ಕು ತುತ್ತಿಗೊಮ್ಮೆ ಕೆಮ್ಮು. ಕೆಮ್ಮಿದಾಗಲೆಲ್ಲ ಪಕ್ಕದ ಮನೆಯವರು ಇಣುಕಿ ನೋಡುತ್ತಿದ್ದರು. ಆ ದಿನಗಳಲ್ಲಿ ಕೆಮ್ಮು ಅಂದರೆ ಏನೆಂದು ಎಲ್ಲರಿಗೂ ನೆನಪಿದೆ. ಅವರ ಕಣ್ಣಿಗೆ ಬೀಳಬಾರದೆಂದು ಅವ್ವ ಬಾಗಿಲು ಮುಚ್ಚಿ ಉಣಿಸತೊಡಗಿದ್ದಳು.

ಅಂಗನವಾಡಿಯ ತಕ್ಕಡಿಯಲ್ಲಿ ತೂಗಿದೆವು. ಫೆಬ್ರುವರಿಯಲ್ಲಿ 11.4 ಕಿಲೊ ಇದ್ದ ಕೂಸು ಜೂನ್‌ನಲ್ಲಿ 10.2 ಕಿಲೊ ಆಗಿತ್ತು.

ಹನ್ನೊಂದು ವಿಡಿಯೊಗಳನ್ನು ಅಲ್ಲೇ ಕೈಬಿಟ್ಟೆವು. ಹಿಡಿದದ್ದು ಎರಡೇ ಕೆಲಸ: ಕೂರಿಸುವುದು, ಉಣಿಸುವುದು. ಉಳಿದ ವ್ಯಾಯಾಮವೆಲ್ಲ ಅವ್ವ ಹೇಗೂ ಮಾಡುವ ಕೆಲಸದೊಳಗೇ ಸೇರಬೇಕು, ಹೊಸದಾಗಿ ಒಂದು ನಿಮಿಷವನ್ನೂ ಕೇಳಬಾರದು ಎಂದು ಫಿಸಿಯೊಥೆರಪಿಸ್ಟ್‌ರಿಗೆ ಫೋನಿನಲ್ಲಿ ಹಟ ಹಿಡಿದೆ. ಅವರು ಒಪ್ಪಿದರು. ಬಿಸಿನೀರಿನ ಸ್ನಾನದಲ್ಲಿ ಮೈ ಸಡಿಲಾದಾಗ ಸೋಪು ಹಚ್ಚುತ್ತಲೇ ತೊಡೆಗಳನ್ನು ನಿಧಾನ ಅಗಲಿಸಿ ಇಪ್ಪತ್ತು ಎಣಿಸುವುದು. ಬಟ್ಟೆ ಬದಲಿಸುವಾಗ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ಮೇಲಕ್ಕೊತ್ತಿ ಮತ್ತೆ ಇಪ್ಪತ್ತು. ಅಲ್ಲಿಗೆ ಮುಗಿಯಿತು.

ಕೂರಿಸಲು ಕುರ್ಚಿ ಇರಲಿಲ್ಲ. ಫೆಬ್ರುವರಿಯ ಶಿಬಿರದಲ್ಲಿ ವಿಶೇಷ ಕುರ್ಚಿಗೆ ಅವಳ ಅಳತೆ ತೆಗೆದುಕೊಂಡು ಹೋಗಿದ್ದರು, ಕುರ್ಚಿ ಬಂದಿರಲಿಲ್ಲ. ಕಾರ್ಯಕರ್ತ ಹಳ್ಳದಿಂದ ಮರಳು ತರಿಸಿದ. ಅಡುಗೆಮನೆಯಲ್ಲಿ ಎರಡು ಗೋಡೆ ಕೂಡುವ ಮೂಲೆಗೆ ಕೌದಿ ಮಡಚಿ ಹಾಸಿ ಚಿನ್ನಿಯ ಬೆನ್ನನ್ನು ಆ ಮೂಲೆಗೆ ಒತ್ತಿ ಕೂರಿಸಿದೆವು. ಗೋಡೆಗಳೇ ಎರಡೂ ಭುಜಗಳನ್ನು ಮುಂದಕ್ಕೆ ತಂದವು. ಜೋಳದ ಚೀಲಗಳನ್ನು ಕತ್ತರಿಸಿ ಹೊಲಿದು ಅರ್ಧರ್ಧ ಮರಳು ತುಂಬಿ ಸೊಂಟದ ಎಡಕ್ಕೊಂದು ಬಲಕ್ಕೊಂದು ಇಟ್ಟೆವು. ಮೊಣಕಾಲುಗಳ ನಡುವೆ ಹಳೆಯ ಸೀರೆಯ ಸುರುಳಿ, ಪಾದದ ಕೆಳಗೆ ಒಂದು ಫರಸಿ ಕಲ್ಲಿನ ತುಂಡು. ಪೂರ್ತಿ ತುಂಬಿದ ಚೀಲ ಕಲ್ಲಿನಂತೆ ಒತ್ತುತ್ತದೆ, ಅರ್ಧ ತುಂಬಿದ್ದು ಮೈಗೆ ತಕ್ಕಂತೆ ಕೂಡುತ್ತದೆ. ಇದನ್ನು ಕಂಡುಕೊಳ್ಳಲು ನಮಗೆ ಮೂರು ಸಲ ತುಂಬಿ ಸುರಿಯಬೇಕಾಯಿತು. ಮೂಲೆಯಿಂದ ಒಲೆ ಕಾಣುತ್ತಿತ್ತು. ಅವ್ವ ರೊಟ್ಟಿ ಬಡಿಯಲು ಕೂತಳು, ಚಿನ್ನಿಯ ಕತ್ತು ಎದ್ದಿತು. ನಾನು ಎಣಿಸಿದೆ, ನಲವತ್ತು ಎಣಿಸುವವರೆಗೆ ತಲೆ ಬೀಳಲಿಲ್ಲ. ಕೇಂದ್ರದ ಚಾಪೆಯ ಮೇಲೆ ಅವಳು ಅಷ್ಟು ಹೊತ್ತು ತಲೆ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

ಉಣಿಸುವುದೂ ಅಲ್ಲೇ. ಗದ್ದ ಸ್ವಲ್ಪ ಕೆಳಗೆ, ಚಮಚ ಎದುರಿನಿಂದ, ಕೆಳತುಟಿಯ ಮೇಲೆ ಇಟ್ಟು ಅವಳೇ ತುಟಿ ಮುಚ್ಚುವವರೆಗೆ ಕಾಯುವುದು. ನುಚ್ಚು ತೆಳ್ಳಗೆ ಬೇಡ, ತೊಗರಿ ಬ್ಯಾಳಿ ಮಸೆದು ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ, ಮೇಲೆ ಒಂದು ಚಮಚ ಶೇಂಗಾ ಎಣ್ಣೆ. ನುಂಗಿದ್ದು ಕಂಡ ಮೇಲೆಯೇ ಮುಂದಿನ ತುತ್ತು. ಮೊದಲ ಮೂರು ದಿನ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಅಜ್ಜಿಗೆ ಸಿಟ್ಟು ಬಂತು. ಎರಡು ವಾರಕ್ಕೆ ನಲವತ್ತು ನಿಮಿಷಕ್ಕೆ ಇಳಿಯಿತು, ಕೆಮ್ಮು ಊಟಕ್ಕೊಂದೋ ಎರಡೋ. ಅವ್ವ ಬಾಗಿಲು ತೆರೆದಿಟ್ಟು ಉಣಿಸತೊಡಗಿದಳು.

ಪಟ್ಟಿಯಲ್ಲಿ ಇದ್ದವರು, ಇಲ್ಲದವರು

ದುಡ್ಡಿನ ಮಾತು ಚಿಕ್ಕದು, ಆದರೆ ಬಿಡುವಂಥದ್ದಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೇಂದ್ರ ಸರ್ಕಾರ ಬಡ ವೃದ್ಧರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ತಲಾ ₹1000 ನೆರವು ಘೋಷಿಸಿತು. ಅದು ಹೋದದ್ದು ಕೇಂದ್ರದ ಪಿಂಚಣಿ ಪಟ್ಟಿಯವರಿಗೆ. ಆ ಪಟ್ಟಿಗೆ ಸೇರಲು ಅಂಗವಿಕಲರಿಗೆ 18 ವರ್ಷ ತುಂಬಿರಬೇಕು. ಚಿನ್ನಿಯಂಥ ಮಕ್ಕಳು ಅದರಿಂದ ಪೂರ್ತಿ ಹೊರಗೆ. ನಮ್ಮ ರಾಜ್ಯದ ಅಂಗವಿಕಲರ ಪಿಂಚಣಿಯಲ್ಲಿ ತೀವ್ರ ಅಂಗವಿಕಲತೆ ಇದ್ದವರಿಗೆ ಆಗ ತಿಂಗಳಿಗೆ ₹1400 ಇತ್ತು. ಪುಣೆಯಿಂದ ದುಡ್ಡು ನಿಂತ ತಿಂಗಳುಗಳಲ್ಲಿ ಆ ಮನೆ ನಿಂತದ್ದು ಅದರ ಮೇಲೆ ಮತ್ತು ಪಡಿತರದ ಅಕ್ಕಿಯ ಮೇಲೆ.

ಇನ್ನೊಂದು ಹಕ್ಕು ಕೈತಪ್ಪಿಹೋಗುತ್ತಿತ್ತು. ಶಾಲೆ ಮುಚ್ಚಿದ್ದರಿಂದ ಬಿಸಿಯೂಟದ ಬದಲು ಮಕ್ಕಳಿಗೆ ಅಕ್ಕಿ, ಬೇಳೆ ಹಂಚಿದರು. ಚಿನ್ನಿಯ ಹೆಸರು ಊರ ಶಾಲೆಯ ಹಾಜರಿಯಲ್ಲಿದೆ, ಗೃಹಾಧಾರಿತ ಶಿಕ್ಷಣದ ಮಗು ಅಂತ. ಆದರೆ ಹಂಚುವ ದಿನ ‘ಅಕಿ ಸಾಲಿಗೆ ಬರಂಗಿಲ್ಲಲ್ಲ’ ಅಂದು ಕಳಿಸಿದ್ದರು. ಅವ್ವ ಏನೂ ಅನ್ನದೆ ಬಂದಿದ್ದಳು. ಹಾಜರಿ ಪುಸ್ತಕದ ಪುಟ ತೋರಿಸಿ ಮಾತಾಡಿದ ಮೇಲೆ ಹಿಂದಿನದೂ ಸೇರಿಸಿ ಕೊಟ್ಟರು. ಕೊಟ್ಟವರು ಕೆಟ್ಟವರಲ್ಲ, ಒಮ್ಮೆಯೂ ಶಾಲೆಯ ಹೊಸ್ತಿಲು ತುಳಿಯದ ಮಗು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಅಂಥ ಮಕ್ಕಳು ನನ್ನ ತಾಲ್ಲೂಕಿನಲ್ಲಿ ಇನ್ನೂ ಇದ್ದರು. ಆ ತಿಂಗಳು ಒಂದೊಂದೇ ಶಾಲೆಗೆ ಹೋಗಿ ಅದೇ ಪುಟ ತೆಗೆಸಿದೆ.

ಮೇ ಕೊನೆಗೆ ಅಪ್ಪ ಪುಣೆಯಿಂದ ಬಂದ. ಅವನನ್ನು ಕ್ವಾರಂಟೈನ್‌ಗೆ ಇಟ್ಟದ್ದು ಊರ ಶಾಲೆಯಲ್ಲೇ, ಮಗಳ ಹೆಸರಿರುವ ಅದೇ ಶಾಲೆಯಲ್ಲಿ. ಸಂಜೆ ಅವ್ವ ಚಿನ್ನಿಯನ್ನು ಎತ್ತಿಕೊಂಡು ಕಂಪೌಂಡಿನ ಹೊರಗೆ ನಿಲ್ಲುತ್ತಿದ್ದಳು. ಅಪ್ಪ ಒಳಗಿನಿಂದ ಕೂಗಿ ಮಾತಾಡಿಸುತ್ತಿದ್ದ. ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದ ಮನುಷ್ಯ, ಮಗಳನ್ನು ಎತ್ತಿಕೊಳ್ಳಲೂ ಅಂಜುತ್ತಿದ್ದ. ಎಲ್ಲಿ ಮುರಿದಾಳೋ ಅನ್ನುವ ಅಂಜಿಕೆ. ಆ ವರ್ಷ ಕೆಲಸಕ್ಕೆ ಹೊರಗೆ ಹೋಗಲಾಗದೆ ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ ₹275ಕ್ಕೆ ಮಣ್ಣು ಅಗೆದ. ಮಧ್ಯಾಹ್ನಕ್ಕೆ ಮನೆಗೆ ಬರುತ್ತಿದ್ದ. ಅವನಿಗೆ ಉಣಿಸುವುದನ್ನು ಕಲಿಸಿಬಿಡೋಣ ಅಂದೆ. ಅವ್ವ ಒಪ್ಪಲಿಲ್ಲ, ‘ಗಂಡಸರ ಕೈಯಾಗ ಆಗಂಗಿಲ್ರಿ’. ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಈ ಪ್ರಕರಣದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಯಾವುದು ದೊಡ್ಡದು ಅಂದರೆ ಇದನ್ನೇ ಹೇಳುತ್ತೇನೆ. ಮಗುವಿಗೆ ಸಿಗುವ ಆರೈಕೆ ಒಬ್ಬಳ ಎರಡು ಕೈಗಳ ಮೇಲಷ್ಟೇ ನಿಂತಿದ್ದರೆ ಆ ಕೈ ಜ್ವರಕ್ಕೆ ಬಿದ್ದ ದಿನ ಮಗು ಉಪವಾಸ.

ನೀರು ಬಂದ ವಾರ

ಅಕ್ಟೋಬರ್ 2020ರ ಮಧ್ಯದಲ್ಲಿ ಭೀಮೆ ಉಕ್ಕಿತು. ಮಹಾರಾಷ್ಟ್ರದ ಕಡೆಯಿಂದ ಬಿಟ್ಟ ನೀರು, ಮೇಲೆ ಇಲ್ಲಿನ ಮಳೆ. ಕಲಬುರಗಿ, ಯಾದಗಿರಿ ಜಿಲ್ಲೆಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು. ಚಿನ್ನಿಯ ಮನೆಯವರು ರಾತ್ರಿ ಎದ್ದು ಕಾಳಜಿ ಕೇಂದ್ರಕ್ಕೆ ಹೋದರು.

ಜುಲೈನಲ್ಲೇ ನಾವು ಒಂದು ಗಂಟು ಕಟ್ಟಿಸಿದ್ದೆವು. ಮತ್ತೆ ಲಾಕ್‌ಡೌನ್ ಆದರೆ, ಅವ್ವ ಆಸ್ಪತ್ರೆಗೆ ಹೋಗಬೇಕಾದರೆ ಅಂತ ಕಟ್ಟಿದ್ದು, ಹೊಳೆಯ ಯೋಚನೆ ಯಾರಿಗೂ ಇರಲಿಲ್ಲ. ಒಂದು ಬಾಟಲಿ ಸಿರಪ್, ಅಳೆಯುವ ಮುಚ್ಚಳ, ಪ್ಲಾಸ್ಟಿಕ್ ಹಾಕಿಸಿದ ಔಷಧ ಚೀಟಿ, ಅಂಗವಿಕಲತೆ ಪ್ರಮಾಣಪತ್ರದ ನಕಲು, ಅವಳ ಚಮಚ, ನಾಲ್ಕು ಜೊತೆ ಬಟ್ಟೆ. ಅಜ್ಜಿ ಅದನ್ನು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ್ದಳು. ಆ ರಾತ್ರಿ ಅಪ್ಪ ಮಗಳನ್ನು ಎತ್ತಿಕೊಂಡ, ಅಜ್ಜಿ ಗಂಟು ಎತ್ತಿಕೊಂಡಳು. ಜೋಳದ ಹಗೇವು, ಹಾಸಿಗೆ, ಮರಳಿನ ಚೀಲ ಎಲ್ಲ ನೀರು ಪಾಲಾದವು, ಒಂದು ಹೊತ್ತಿನ ಔಷಧವೂ ತಪ್ಪಲಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 8ನೇ ಕಲಂ, ಪ್ರತಿ ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಆ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಂಡಿರಬೇಕು, ಅಪಾಯದ ಸಂದರ್ಭದಲ್ಲಿ ಅವರಿಗೆ ಮುನ್ಸೂಚನೆ ಕೊಡಬೇಕು ಎನ್ನುತ್ತದೆ. ಆ ರಾತ್ರಿ ನಮ್ಮ ಪಂಚಾಯಿತಿಯಲ್ಲಿ ಕೆಲಸಕ್ಕೆ ಬಂದ ಪಟ್ಟಿ ಕಾರ್ಯಕರ್ತನ ಜೇಬಿನ ವಹಿ. ಯಾವ ಓಣಿಯಲ್ಲಿ ನಡೆಯಲಾಗದವರು ಯಾರು, ಕಣ್ಣು ಕಾಣದವರು ಯಾರು, ಕಿವಿ ಕೇಳದ್ದರಿಂದ ಡಂಗುರ ಸಾರಿದರೂ ಏಳದವರು ಯಾರು ಎಂದು ಅದರಲ್ಲಿ ಬರೆದಿತ್ತು. ಅವನು ಸ್ಕೂಟರಿನಲ್ಲಿ ಬಾಗಿಲು ಬಾಗಿಲಿಗೆ ಹೋದ.

ಕಾಳಜಿ ಕೇಂದ್ರದಲ್ಲಿ ಕಷ್ಟವಿತ್ತು. ಒಂದು ಕೋಣೆಯಲ್ಲಿ ಮೂವತ್ತು ಜನ, ಸೋಂಕಿನ ಭಯ, ಕೂಸನ್ನು ತೊಳೆಯಲು ಮರೆಯಿಲ್ಲ. ಎರಡನೇ ದಿನ ಕೋಣೆಯ ಒಂದು ಮೂಲೆ ಬಿಡಿಸಿಕೊಂಡೆವು, ಸೀರೆ ಅಡ್ಡ ಕಟ್ಟಿದೆವು. ಅಪ್ಪ ಸಿಮೆಂಟಿನ ಖಾಲಿ ಚೀಲಗಳನ್ನು ತಂದು, ಕೇಳದೆಯೇ, ಅರ್ಧರ್ಧ ಮರಳು ತುಂಬಿದ.

ಅವ್ವನ ಹನ್ನೊಂದು ದಿನ

2021ರ ಮೇನಲ್ಲಿ ಅವ್ವನಿಗೆ ಕೋವಿಡ್ ಬಂತು. ಆರೈಕೆ ಕೇಂದ್ರಕ್ಕೆ ಹೋಗಬೇಕು ಅಂದಾಗ ಅವಳು ಒಲ್ಲೆ ಅಂದಳು. ‘ನಾ ಹೋದ್ರ ಅಕಿ ಸಾಯ್ತಾಳ’ ಅಂತ ಒಳಗಿನ ಕೋಣೆಯ ಅಗಳಿ ಹಾಕಿಕೊಂಡಳು. ಆಶಾ ಕಾರ್ಯಕರ್ತೆ ಕಿಟಕಿಯ ಬಳಿ ನಿಂತು ಒಂದು ಗಂಟೆ ಮಾತಾಡಿದಳು. ಕೊನೆಗೆ ಅವ್ವ ಒಂದು ಮಾತಿಗೆ ಒಪ್ಪಿದಳು: ಅಪ್ಪ ತನ್ನ ಕಣ್ಣ ಮುಂದೆ, ಕಿಟಕಿಯಿಂದ ಕಾಣುವ ಹಾಗೆ, ಒಂದು ಹೊತ್ತು ಪೂರ್ತಿ ಉಣಿಸಿ ತೋರಿಸಬೇಕು. ಅವನು ಅಂಗಳದ ಮೂಲೆಯಲ್ಲಿ ಚೀಲ ಇಟ್ಟು, ಮಾಸ್ಕ್ ಕಟ್ಟಿಕೊಂಡು ಉಣಿಸಿದ. ಐವತ್ತೈದು ನಿಮಿಷವಾಯಿತು. ಅವ್ವ ಒಳಗಿನಿಂದ ‘ಗದ್ದ ಕೆಳಗ... ಕೆಳಗ...’ ಅನ್ನುತ್ತಿದ್ದಳು. ಕೊನೆಯ ತುತ್ತಿನ ಮೇಲೆ ಅಗಳಿ ತೆಗೆದಳು.

ಹನ್ನೊಂದು ದಿನ ಅವಳು ಆರೈಕೆ ಕೇಂದ್ರದಲ್ಲಿದ್ದಳು. ದಿನಕ್ಕೆರಡು ಸಲ ನಾನು ಅಪ್ಪನಿಗೆ ಫೋನ್ ಮಾಡಿ ಬೆರಳಿನ ಲೆಕ್ಕ ಕೇಳಿ ಅವಳಿಗೆ ಹೇಳುತ್ತಿದ್ದೆ. ಆರನೇ ದಿನ ಚಿನ್ನಿಗೆ ಒಂದು ಸಲ ಫಿಟ್ಸ್ ಬಂತು, ಎರಡು ನಿಮಿಷಕ್ಕೆ ನಿಂತಿತು. ಅಜ್ಜಿ ಫೋನಿನ ಗಂಟೆ ನೋಡಿಕೊಂಡು ಕೂತಿದ್ದಳಂತೆ. ಅವ್ವ ಬಂದ ಮರುದಿನ ತೂಗಿದಾಗ 12.1 ಕಿಲೊ.

ಎಲ್ಲವೂ ಉಳಿಯಲಿಲ್ಲ, ಅದನ್ನೂ ಬರೆಯಬೇಕು. ಆ ವರ್ಷದ ಕೊನೆಯಲ್ಲಿ ಕಲಬುರಗಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದಾಗ ಎಡ ಸೊಂಟದ ಕೀಲು ಜಾಗ ಬಿಟ್ಟು ಸರಿಯುತ್ತಿರುವುದು ಕಂಡಿತು. ಇಂಥ ಮಕ್ಕಳಲ್ಲಿ ಸೊಂಟ ನಿಧಾನವಾಗಿ ಸರಿಯುತ್ತದೆ, ಅದನ್ನು ಕಾಲಕಾಲಕ್ಕೆ ಎಕ್ಸ್‌ರೇಯಲ್ಲಿ ನೋಡುತ್ತಿರಬೇಕು. ಎರಡು ವರ್ಷ ಯಾರೂ ನೋಡಿರಲಿಲ್ಲ. ಸ್ನಾನದ ಹೊತ್ತಿನ ಇಪ್ಪತ್ತು ಎಣಿಕೆ ಆ ಕೆಲಸಕ್ಕೆ ಸಾಕಾಗುವುದಿಲ್ಲ, ಅದು ನನಗೆ ಗೊತ್ತಿತ್ತು. ಎಕ್ಸ್‌ರೇ ಮಾಡಿಸಲು ಮೊದಲ ಅಲೆ ಇಳಿದ ಮೇಲೆಯೇ ಹಟ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಈಗ ಶಸ್ತ್ರಚಿಕಿತ್ಸೆಯ ಮಾತು ನಡೆದಿದೆ.

ಒಂದರಿಂದ ಐದನೇ ತರಗತಿ ರಾಜ್ಯದಲ್ಲಿ ಮತ್ತೆ ಶುರುವಾದದ್ದು 2021ರ ಅಕ್ಟೋಬರ್ 25ಕ್ಕೆ. ಡಿಸೆಂಬರ್‌ನಲ್ಲಿ ಚಿನ್ನಿಯ ಕುರ್ಚಿ ಬಂತು. ಮರದ್ದು, ಒಳ್ಳೆಯ ಕುರ್ಚಿ, ಎದೆಗೆ ಪಟ್ಟಿ, ಮುಂದೆ ತಟ್ಟೆ. ಕೂರಿಸಿ ನೋಡಿದೆವು. ಮೊಣಕಾಲು ಆಸನದ ಅಂಚಿನಿಂದ ನಾಲ್ಕು ಬೆರಳು ಮುಂದೆ ಬಂದಿತ್ತು, ಪಾದ ಹಲಗೆಗೆ ಬಡಿದು ಮಡಚುತ್ತಿತ್ತು. ಏಳು ವರ್ಷದ ಕೂಸಿನ ಅಳತೆಯ ಕುರ್ಚಿಯಲ್ಲಿ ಒಂಬತ್ತನೆಯದಕ್ಕೆ ಬಿದ್ದ ಕೂಸು ಕೂತಿತ್ತು. ಅಪ್ಪ ಅದನ್ನು ಒರೆಸಿ, ಕಾರ್ಯಕರ್ತನ ಸ್ಕೂಟರಿಗೆ ಕಟ್ಟಿ, ಹತ್ತಿರದ ತಾಂಡಾದ ಐದು ವರ್ಷದ ಹುಡುಗನೊಬ್ಬನ ಮನೆಗೆ ಕಳಿಸಿದ. ಚಿನ್ನಿಯನ್ನು ಮತ್ತೆ ಮೂಲೆಯಲ್ಲಿ ಚೀಲಗಳ ನಡುವೆ ಕೂರಿಸಿದೆವು, ಅವ್ವ ಹಂಚು ಇಟ್ಟಳು. ನಾನು ಟೇಪು ತೆಗೆದು ಸೊಂಟದಿಂದ ಮೊಣಕಾಲು, ಮೊಣಕಾಲಿನಿಂದ ಹಿಮ್ಮಡಿ, ಎರಡೂ ಕಡೆ ಬೇರೆ ಬೇರೆ ಅಳೆದೆ. ಹೊಸ ಅರ್ಜಿಯಲ್ಲಿ ಬರೆಯುವಾಗ ಪ್ರತಿ ಅಳತೆಗೂ ಮೂರು ಬೆರಳು ಸೇರಿಸಿದೆ.